ಮೇಲ್ಮನೆ ಹುಡುಗ ಸ್ಕೂಲಲ್ಲಿ ಬಾಯೇ ಬಿಡ್ತಿಲ್ಲ, ಯುಕೆಜಿಗೆ ಹಾಕ್ತೀವಿ ಅಂತಿದಾರೆ

ಕೆಳಮನೆ ಅಜ್ಜಿ
ಎಲ್ಲರಿಗೂ ನಮಸ್ಕಾರ. ನಾವಿರೋದು ಕಮ್ಮನಹಳ್ಳಿ ಹತ್ರ. ಕೆಳಗಡೆ ನಾವು, ಮೇಲ್ಗಡೆ ಬಾಡಿಗೆಗೆ ಒಂದು ಅಫ್ಘಾನ್ ಸಂಸಾರ. ಯಜಮಾನರು ಇಲ್ಲಿ ಎಂ.ಕಾಂ. ಓದೋಕೆ ಅಂತ ಬಂದವರು. 2021ರ ಆಗಸ್ಟಲ್ಲಿ ಕಾಬೂಲ್ ತಾಲಿಬಾನ್ ಕೈಗೆ ಹೋಯ್ತಲ್ಲ, ಅಲ್ಲಿಗೆ ಅವರು ಊರಿಗೆ ಹೋಗೋ ಮಾತು ಮುಗೀತು. ಹೆಂಡತಿ, ಎಂಟು ವರ್ಷದ ಮಗ ಹೋದ ಡಿಸೆಂಬರಲ್ಲಿ ಬಂದು ಸೇರಿಕೊಂಡ್ರು. ಹೇಗೆ ಬಂದ್ರು ಅನ್ನೋದು ದೊಡ್ಡ ಕಥೆ, ಅವರದ್ದು, ನಾನು ಹೇಳಲ್ಲ.

ವಿಷಯ ಹುಡುಗಂದು. ಜೂನಲ್ಲಿ ಪಕ್ಕದ ಬೀದಿಯ ಒಂದು ಚಿಕ್ಕ ಇಂಗ್ಲಿಷ್ ಮೀಡಿಯಂ ಸ್ಕೂಲಿಗೆ ಹಾಕಿದ್ರು, ಎರಡನೇ ಕ್ಲಾಸಿಗೆ. ಮೂರು ತಿಂಗಳಾಯ್ತು, ಅಲ್ಲಿ ಒಂದಕ್ಷರ ಮಾತಾಡಿಲ್ಲವಂತೆ. ಮೊನ್ನೆ ಅಪ್ಪನ್ನ ಕರೆಸಿ, "ಮಾತೂ ಬರಲ್ಲ, ಲೆಕ್ಕವೂ ಬರಲ್ಲ, ಯುಕೆಜಿಯಲ್ಲಿ ಕೂರಿಸ್ತೀವಿ" ಅಂದಿದಾರೆ. ಎಂಟು ವರ್ಷದವನು, ವಯಸ್ಸಿಗಿಂತ ಉದ್ದ ಇದಾನೆ. ಆ ಪುಟಾಣಿ ಕುರ್ಚಿಯಲ್ಲಿ ಅವನ ಮಂಡಿ ಎಲ್ಲಿಡ್ತಾನೆ ಅಂತ ನನಗೆ ಯೋಚನೆ.

ಮನೇಲಿ ಮೂಗನಲ್ಲ. ಅಮ್ಮನ ಜೊತೆ ದರಿ ಭಾಷೆಯಲ್ಲಿ ಜಗಳ ಆಡೋದು ನಮ್ಮ ಅಡುಗೆಮನೆಗೆ ಕೇಳುತ್ತೆ. ನಮ್ಮ ಜೊತೆ ಮಾತ್ರ ಒಂದೇ ವಾಕ್ಯ. ಎರಡು ದಿನಕ್ಕೊಮ್ಮೆ ಕಾವೇರಿ ನೀರು ಬಿಟ್ಟಾಗ ನಾನು ಸಂಪಿನ ಹತ್ರ ನಿಂತು "ನೀರ್ ಬಂತೂ" ಅಂತ ಕೂಗ್ತೀನಿ. ಒಂದು ದಿನ ನನಗಿಂತ ಮುಂಚೆ ಮೇಲಿಂದ ಕೂಗು ಬಂತು: "ಅಜ್ಜೀ, ನೀರ್ ಬಂತೂ!" ರಾಗ ಕೂಡ ನನ್ನದೇ. ಈಗ ಅದನ್ನೇ ಎಲ್ಲದಕ್ಕೂ ಹಚ್ತಾನೆ. ಬಸ್ ಬಂತು, ಕರೆಂಟ್ ಬಂತು, ಅಪ್ಪ ಬಂತು.

ನನ್ನ ಪ್ರಶ್ನೆ: ಇವನ ಜೊತೆ ಯಾವ ಭಾಷೆ ಆಡ್ಬೇಕು? ನಮ್ಮನೆಯವರು ಇಂಗ್ಲಿಷ್ ಅಂತಾರೆ, ಮಗ ಹಿಂದಿ ಅಂತಾನೆ, ನನ್ನ ಬಾಯಿಗೆ ಬರೋದು ಕನ್ನಡ. ಮತ್ತೆ, ಯುಕೆಜಿ ಅನ್ನೋದು ಸರೀನಾ?

ಒಂದೇ ಸಾಲು
"ಅಪ್ಪ ಬಂತು" ಅಂತ ನಾವೂ ಬೈಯೋವಾಗ ಅಂತೀವಿ ಬಿಡಿ.

ಸರ್ಕಾರಿ ಮೇಷ್ಟ್ರು
ಅಮ್ಮಾ, ಯುಕೆಜಿ ಖಂಡಿತ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆ, ನಾಲ್ಕನೇ ಸೆಕ್ಷನ್: ಆರು ವರ್ಷ ದಾಟಿದ ಮಗು ಶಾಲೆಗೇ ಸೇರಿಲ್ಲದಿದ್ರೂ, ಅರ್ಧಕ್ಕೆ ಬಿಟ್ಟಿದ್ರೂ, ವಯಸ್ಸಿಗೆ ತಕ್ಕ ತರಗತಿಗೇ ಸೇರಿಸ್ಬೇಕು. ಹಿಂದೆ ಬಿದ್ದಿದ್ರೆ ವಿಶೇಷ ತರಬೇತಿ ಕೊಡ್ಬೇಕು. ಎಂಟು ವರ್ಷ ಅಂದ್ರೆ ಮೂರನೇ ತರಗತಿ. ವಯಸ್ಸಿನ ದಾಖಲೆ ಇಲ್ಲ ಅಂತ ಸೇರಿಸಿಕೊಳ್ಳದೆ ಇರೋ ಹಾಗೂ ಇಲ್ಲ, ಅದು ಸೆಕ್ಷನ್ 14. ಕಾಯ್ದೆಯಲ್ಲಿ ಇರೋ ಪದ "ಮಗು", ಆರರಿಂದ ಹದಿನಾಲ್ಕು. ಯಾವ ದೇಶದ ಮಗು ಅಂತ ಬರೆದಿಲ್ಲ. ಸ್ಕೂಲಿನವರು ಜಗ್ಗದಿದ್ರೆ ಬಿಇಒ, ಅಂದ್ರೆ ಕ್ಷೇತ್ರ ಶಿಕ್ಷಣಾಧಿಕಾರಿ ಆಫೀಸಿಗೆ ಒಂದು ಅರ್ಜಿ ಬರೀರಿ. ಅರ್ಜಿಗೆ ಸ್ವೀಕೃತಿ ತಗೊಳ್ಳೋದು ಮರೀಬೇಡಿ.

ಇನ್ನೊಂದು ಮಾತು, ಹತ್ರದ ಸರ್ಕಾರಿ ಶಾಲೆ ಯಾಕೆ ನೋಡಲಿಲ್ಲ? ನಾನು ನಲಿಕಲಿ ಅಂತ ಆಟವಾಡಿಸ್ತಾ ಕಲಿಸೋ ಪದ್ಧತಿಯಲ್ಲಿ ಪಾಠ ಮಾಡಿದವನು, ಒಂದರಿಂದ ಮೂರನೇ ತರಗತಿ ಒಟ್ಟಿಗೆ ನೆಲದ ಮೇಲೆ ಕೂರ್ತವೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು. ಅಕ್ಷರಾನೂ ಅ ಆ ಇ ಈ ಅಂತ ಶುರುವಾಗಲ್ಲ. ರ, ಗ, ಸ, ದ, ಅ. ಐದು ಕಲಿತ ಕೂಡಲೇ ಸರ, ಗರಗಸ, ಅರಸ ಅಂತ ಪದ ಓದ್ತವೆ. ಯಾವ ಮಗು ಯಾವ ಮೆಟ್ಟಿಲಲ್ಲಿದೆಯೋ ಅಲ್ಲಿಂದ ಹತ್ತುತ್ತೆ. ನನ್ನ ತರಗತಿಯಲ್ಲಿ ಕಟ್ಟಡ ಕೆಲಸಕ್ಕೆ ಬಂದ ಒಡಿಶಾದವರ ಮಕ್ಕಳು, ನೇಪಾಳಿ ಕಾವಲುಗಾರರ ಮಕ್ಕಳು ಎಲ್ಲ ಕಲಿತವೆ.

ನೇರ ಮಾತು
ನಮ್ಮ ಮಕ್ಕಳಿಗೇ ಒಳ್ಳೆ ಸ್ಕೂಲಲ್ಲಿ ಸೀಟಿಲ್ಲ, ಊರಿನವರಿಗೆಲ್ಲ ಕಾಯ್ದೆ ಓದಿ ಹೇಳ್ತಿದೀರಲ್ಲ ಮೇಷ್ಟ್ರೇ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿಯನ್ನೇ ಹಾಕಿಲ್ಲ. ನಮ್ಮಲ್ಲಿ ನಿರಾಶ್ರಿತರ ಕಾನೂನೇ ಇಲ್ಲ. ಅಜ್ಜಿ, ಬಾಡಿಗೆಗೆ ಕೊಟ್ಟ 24 ಗಂಟೆಯಲ್ಲಿ, ಮನೇಲಿ ವಿದೇಶಿಯರು ಇದಾರೆ ಅಂತ ತಿಳಿಸೋ ಫಾರ್ಮ್ ಸಿ ತುಂಬಿದೀರಾ? ಆಮೇಲೆ ಪೊಲೀಸ್ ಬಂದ್ರೆ ಮಾಲೀಕರ ಮೇಲೇ ಬರೋದು.

ಕೆಳಮನೆ ಅಜ್ಜಿ
ತುಂಬಿದೀವಪ್ಪ. ಬ್ಯಾಂಕಲ್ಲಿ ಮೂವತ್ತೆರಡು ವರ್ಷ ಫಾರ್ಮ್ ತುಂಬಿಸಿಕೊಂಡವಳು ನಾನು, ನನಗೇ ಕೇಳ್ತೀಯ.

ಒಂದೇ ಸಾಲು
ಅಜ್ಜಿ 1, ನೇರ ಮಾತು 0.

ಸರ್ಕಾರಿ ಮೇಷ್ಟ್ರು
@ನೇರ ಮಾತು, ಸಹಿ ಹಾಕಿಲ್ಲ ಅನ್ನೋದು ನಿಜ. ಟಿಬೆಟಿನವರನ್ನ, ಶ್ರೀಲಂಕಾ ತಮಿಳರನ್ನ ಸರ್ಕಾರವೇ ನೋಡ್ಕೊಳ್ತು, ಅಫ್ಘಾನ್, ಬರ್ಮಾದವರಿಗೆ ದಿಲ್ಲಿಯ ವಿಶ್ವಸಂಸ್ಥೆ ಕಚೇರಿ ನಿರಾಶ್ರಿತರು ಅಂತ ಕಾರ್ಡ್ ಕೊಡುತ್ತೆ. ಆದರೆ ಶಾಲೆಯ ವಿಷಯ ಬೇರೆ. 2025ರ ಫೆಬ್ರವರಿಯಲ್ಲಿ ರೋಹಿಂಗ್ಯಾ ಮಕ್ಕಳ ಕೇಸಲ್ಲಿ ಸುಪ್ರೀಂ ಕೋರ್ಟ್ ಏನಂತು? ಮೊದಲು ಸರ್ಕಾರಿ ಶಾಲೆಗೆ ಹೋಗಿ ಕೇಳಿ, ಸೇರಿಸಿಕೊಳ್ಳದಿದ್ರೆ ಹೈಕೋರ್ಟಿಗೆ ಹೋಗಿ ಅಂತು. ಇನ್ನು ಸೀಟಿನ ಮಾತು. ನಮ್ಮ ಶಾಲೆಯಲ್ಲಿ ನಲವತ್ತು ಮಕ್ಕಳ ಜಾಗದಲ್ಲಿ ಹದಿನೇಳು ಇದಾವೆ. ನಿಮ್ಮ ಮಕ್ಕಳನ್ನ ನಾಳೆನೇ ಕಳಿಸಿ, ಬಿಸಿಯೂಟ, ಹಾಲು, ಮೊಟ್ಟೆ ಎಲ್ಲ ಇದೆ.

ನೇರ ಮಾತು
ಅದು ಬೇರೆ ಮಾತು.

ಹುಬ್ಬಳ್ಳಿ ಮಂದಿ
ಬೇರೆ ಹೆಂಗ ಆಕ್ಕೈತ್ರಿ, ಅದ ಮಾತು 😄

ಬರ್ಲಿನ್ ಭಟ್ಟ
ಅಜ್ಜೀ, ಭಯ ಬೇಡ. ನನ್ನ ಮಗಳು ಇಲ್ಲಿ ಶಿಶುವಿಹಾರಕ್ಕೆ ಸೇರಿದಾಗ ಐದು ತಿಂಗಳು ಬಾಯಿ ಬಿಟ್ಟಿರಲಿಲ್ಲ. ನಾವು ಗಾಬರಿ ಬಿದ್ದು ಮನೇಲೂ ಮುರುಕು ಜರ್ಮನ್ ಶುರು ಮಾಡಿದ್ವಿ. ಟೀಚರ್ ಕರೆದು ಬೈದ್ರು: "ನಿಮ್ಮ ತಪ್ಪು ಜರ್ಮನ್ ಮಗುಗೆ ಕಲಿಸ್ಬೇಡಿ, ಮನೇಲಿ ನಿಮ್ಮ ಭಾಷೆನೇ ಆಡಿ." ಆರನೇ ತಿಂಗಳು ಒಂದು ದಿನ ಪೂರಾ ವಾಕ್ಯ ಬಂತು, ಅದೂ ಪಕ್ಕದ ಹುಡುಗನ ಮೇಲೆ ಚಾಡಿ. ಮಾತಾಡದ ಆ ಕಾಲ ಹೊಸ ಭಾಷೆಗೆ ಬಿದ್ದ ಎಷ್ಟೋ ಮಕ್ಕಳಿಗೆ ಬರುತ್ತೆ. ಒಳಗೆ ಕೂಡಿಡ್ತಾ ಇರ್ತವೆ. ಇಲ್ಲಿ ನಿರಾಶ್ರಿತರ ಮಕ್ಕಳೂ ಸೇರಿ, ಜರ್ಮನ್ ಬರದೆ ಹೊಸದಾಗಿ ಬಂದ ಮಕ್ಕಳಿಗೆ ಅಂತಲೇ ಸ್ವಾಗತ ತರಗತಿಗಳಿವೆ, ಮೊದಲು ಭಾಷೆ ಕಲಿಸಿ ಆಮೇಲೆ ಮಾಮೂಲಿ ಕ್ಲಾಸಿಗೆ ಬಿಡ್ತಾರೆ. ನಾವು ವಲಸೆ ಬಂದವರ ಕಷ್ಟವೂ ಹೆಚ್ಚುಕಮ್ಮಿ ಇಂಥದ್ದೇ.

ಬೈಲಕುಪ್ಪೆಯವಳು
ಭಟ್ಟರೇ, ಬೇಜಾರ್ ಮಾಡ್ಕೋಬೇಡಿ. ನಿಮ್ಮ ಮಗಳಿಗೆ ಬೇಸಿಗೆ ರಜೆಗೆ ಹೋಗೋಕೆ ಅಜ್ಜಿ ಮನೆ ಇದೆ. ಅದೇ ವ್ಯತ್ಯಾಸ.

ನಾನು ಟಿಬೆಟಿಯನ್, ಮೂರನೇ ತಲೆಮಾರು, ಹುಟ್ಟಿದ್ದು ಬೈಲಕುಪ್ಪೆ. ನಮ್ಮಜ್ಜ 1959ರ ನಂತರ ಹಿಮಾಲಯ ದಾಟಿ ಬಂದು, ಕಾಡು ಕಡಿದು ಜೋಳ ಬೆಳೆದ ಮೊದಲಿನವರಲ್ಲೊಬ್ಬರು. ಅವರಿಗೆ ಸಾಯೋವರೆಗೂ ಬಂದ ಕನ್ನಡ ಹತ್ತಿಪ್ಪತ್ತು ಪದ, ಎಲ್ಲ ಹೊಲದ್ದು. ಮಳೆ, ಬಿತ್ತನೆ, ಆನೆ, ಕೂಲಿ, ನಾಳೆ ಬಾ. ನಮ್ಮಪ್ಪ ಚಳಿಗಾಲದಲ್ಲಿ ಮೆಜೆಸ್ಟಿಕ್ ಹತ್ರ ಸ್ವೆಟರ್ ಮಾರ್ತಿದ್ರು, ಅವರ ಕನ್ನಡ ಚೌಕಾಸಿ ಕನ್ನಡ. ನಾನು ಓದಿದ ಶಾಲೆಯಲ್ಲಿ ಟಿಬೆಟನ್, ಇಂಗ್ಲಿಷ್, ಹಿಂದಿ ಇತ್ತು. ಕನ್ನಡ ಕಲಿತಿದ್ದು ಕುಶಾಲನಗರದ ಸಂತೆಯಲ್ಲಿ, ಮತ್ತೆ ನಮ್ಮ ಹೊಲಕ್ಕೆ ಬರ್ತಿದ್ದ ಹೆಂಗಸರ ಹತ್ರ. ಅದಕ್ಕೇ ನನಗೆ ಬೈಗುಳ ಮೊದಲು ಬಂತು, ವ್ಯಾಕರಣ ಆಮೇಲೆ. ಅಜ್ಜೀ, ನಿಮಗೆ ಸಲೀಸಾಗಿ ಬರೋ ಭಾಷೆ ಆಡಿ. ಪ್ರೀತಿಯಿಂದ ರೇಗೋಕೆ ಬರೋದು ಯಾವ ಭಾಷೆಯಲ್ಲೋ ಅದು.

ಬರ್ಲಿನ್ ಭಟ್ಟ
ಅಜ್ಜಿ ಮನೆ ಮಾತು ಒಪ್ಪಿದೆ. ನಾನು ಹಾಗೆ ಹೋಲಿಸಬಾರದಿತ್ತು.

ಮೋಮೋ ಭಕ್ತ
ಬೈಲಕುಪ್ಪೆಲಿ ಒಳ್ಳೆ ಥುಕ್ಪಾ ಎಲ್ಲಿ ಸಿಗುತ್ತೆ ಮೇಡಂ? ಮುಂದಿನ ವಾರ ಕೊಡಗಿಗೆ ಹೋಗ್ತಿದೀವಿ.

ಬೈಲಕುಪ್ಪೆಯವಳು
ನಮ್ಮಮ್ಮನ ಅಡುಗೆಮನೇಲಿ. ಮಾರಲ್ಲ.

ಮಕ್ಕಳ ಡಾಕ್ಟ್ರು
ಭಟ್ಟರು ಹೇಳಿದ್ದು ಬಹಳ ಮಕ್ಕಳ ವಿಷಯದಲ್ಲಿ ನಿಜ, ಆದರೆ ಕಾಬೂಲಿಂದ ಬಂದ ಮಗು ಅಂದ ಮೇಲೆ ಇನ್ನೂ ಒಂದೆರಡು ವಿಷಯ ಕೇಳ್ಬೇಕು. ನಿದ್ದೆ ಹೇಗಿದೆ? ಹಾಸಿಗೆ ಒದ್ದೆ ಮಾಡ್ಕೊಳ್ತಾನಾ? ಶಬ್ದಕ್ಕೆ ಬೆಚ್ಚಿ ಬೀಳ್ತಾನಾ? ಊಟ, ಆಟ? ಮನೇಲಿ ಸರಾಗವಾಗಿ ಮಾತಾಡ್ತಾನೆ ಅನ್ನೋದು ಒಳ್ಳೆ ಲಕ್ಷಣ.

ಕೆಳಮನೆ ಅಜ್ಜಿ
ನಿದ್ದೆ, ಊಟ ಚೆನ್ನಾಗಿದೆ ಅಂತಾರೆ ಅವರಮ್ಮ. ಶಬ್ದದ ವಿಷಯ ನೀವು ಕೇಳಿದ್ದು ಒಳ್ಳೇದಾಯ್ತು ಡಾಕ್ಟ್ರೇ. ಫೆಬ್ರವರಿಯಲ್ಲಿ ಯಲಹಂಕದ ಏರ್ ಶೋ ಇತ್ತಲ್ಲ. ನಮ್ಮ ಬೀದಿ ಮಕ್ಕಳೆಲ್ಲ ತಾರಸಿ ಮೇಲೆ, ವಿಮಾನ ಬಂದ ಕೂಡಲೇ ಹೋ ಅಂತ ಕೂಗೋದು. ನನ್ನ ಮೊಮ್ಮಗಳೂ ಇದ್ಲು. ಈ ಹುಡುಗ ಬಂದು ಎರಡು ತಿಂಗಳು ಆಗಿತ್ತಷ್ಟೆ. ಮೊದಲನೇ ವಿಮಾನದ ಸದ್ದಿಗೇ ನನ್ನ ಮೊಮ್ಮಗಳ ಕೈ ಹಿಡಿದು ದರದರ ಎಳ್ಕೊಂಡು ಮೆಟ್ಟಿಲ ಕೆಳಗೆ, ಗ್ಯಾಸ್ ಸಿಲಿಂಡರ್ ಇಡೋ ಮೂಲೆಗೆ ತಳ್ಳಿ, ತಾನು ಅಡ್ಡ ಕೂತ. ಅವಳು ಅಳು. ನಾನು ಅವನಿಗೆ ಬೈದುಬಿಟ್ಟೆ, ಯಾಕೋ ಮಗುನ ತಳ್ತೀಯ ಅಂತ. ಆಮೇಲೆ ಅವರಪ್ಪ ಬಂದು ಹೇಳಿದಾಗ ಗೊತ್ತಾಯ್ತು. ಅವನು ಒಂದೇ ಒಂದು ಸಲ ನನ್ನ ಮುಖ ನೋಡಿದ್ದ, ಅಷ್ಟೇ. ಈಗ ಅಂಥದ್ದೇನೂ ಕಾಣಲ್ಲ.

ಮಕ್ಕಳ ಡಾಕ್ಟ್ರು
ಈಗಿಲ್ಲ ಅಂದ್ರೆ ಒಳ್ಳೇದು. ದೀಪಾವಳಿಗೆ ಮುಂಚೆಯೇ ಪಟಾಕಿ ಅಂದ್ರೇನು, ಯಾವತ್ತು, ಯಾಕೆ ಅಂತ ಅವರಪ್ಪನ ಕೈಲಿ ಅವನ ಭಾಷೆಯಲ್ಲೇ ಹೇಳಿಸಿ. ಮತ್ತೆ ಶುರುವಾದ್ರೆ, ಮನೇಲೂ ಮಾತು ಕಮ್ಮಿಯಾದ್ರೆ, ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗವೇ ಇದೆ, ತೋರಿಸಿ. ಬೈದಿದ್ದಕ್ಕೆ ಕೊರಗಬೇಡಿ.

ಸಿಂಧನೂರು ಸೀಮೆ
ನಮ್ಮ ತಾಲೂಕಿನಾಗ ಆರ್.ಎಚ್. ಕ್ಯಾಂಪ್ ಅಂತ ಅದಾವ, ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಲಿ ಮಂದಿದು. ನನ್ನ ಸಂಗಾಟ ಹೈಸ್ಕೂಲಿನಾಗ ನಾಲ್ಕು ಹುಡುಗರು ಇದ್ರು. ಮನ್ಯಾಗ ಬಂಗಾಲಿ, ಹೊರಗ ನಮ್ಮಷ್ಟೇ ಚಲೋ ಕನ್ನಡ. ಕನ್ನಡ ಪರೀಕ್ಷಾದಾಗ ಅವರಾಗ ಒಬ್ಬಾಂವ ನನಗ ತೋರಸ್ತಿದ್ದ, ಸುಳ್ಳ್ಯಾಕ ಹೇಳ್ಲಿ.

ಇನ್ನೂ ಒಂದು ಮಾತು
ಉರ್ದು ಮೀಡಿಯಂ ಸರ್ಕಾರಿ ಶಾಲೆಗೆ ಹಾಕಿ. ಅವನಿಗೆ ಗೊತ್ತಿರೋ ಲಿಪಿ ಅದೇ. ಸುಲಭ.

ಭಾಷೆ ಹುಚ್ಚ
ಲಿಪಿ ಹೆಚ್ಚುಕಮ್ಮಿ ಅದೇ, ಭಾಷೆ ಬೇರೆ. ಹಿಂದಿ ಲಿಪಿ ಬರುತ್ತೆ ಅಂತ ನಿಮ್ಮನ್ನ ಮರಾಠಿ ಶಾಲೆಗೆ ಹಾಕಿದ ಹಾಗೆ. ದರಿ ಅಂದ್ರೆ ಅಫ್ಘಾನಿಸ್ತಾನದ ಪಾರ್ಸಿ, ಪರ್ಷಿಯನ್ ಭಾಷೆ. ಹಾಗೆ ನೋಡಿದ್ರೆ ಕನ್ನಡದಲ್ಲೂ ಅವನ ನೆಂಟರು ಬೇಕಾದಷ್ಟಿದಾರೆ: ಜಮೀನು, ಬಜಾರು, ಕಾಗದ, ಅಂದಾಜು, ದರ್ಬಾರು. ಅಜ್ಜೀ, ಇವನ್ನ ಅವನ ಹತ್ರ ಹೇಳಿ ನೋಡಿ.

ಇನ್ನೊಂದು, ಅವರ ಭಾಷೆಯಲ್ಲಿ ಅವನು, ಅವಳು ಅಂತ ಎರಡಿಲ್ಲ, ಎರಡಕ್ಕೂ ಒಂದೇ ಪದ. ಕ್ರಿಯಾಪದವೂ ಗಂಡು ಹೆಣ್ಣು ನೋಡಲ್ಲ. ಅದಕ್ಕೇ "ಅಪ್ಪ ಬಂತು". ಟ, ಡ, ಣ, ಳ ಕೂಡ ದರಿಯಲ್ಲಿಲ್ಲ. ಹಳ್ಳಿ ಅಂದ್ರೆ ಹಲ್ಲಿ ಅಂತಾನೆ, ಕಾದು ನೋಡಿ.

ಕೆಳಮನೆ ಅಜ್ಜಿ
ಅಯ್ಯೋ, ಮೊನ್ನೆ ಗೋಡೆ ಮೇಲಿನ ಹಲ್ಲಿ ತೋರಿಸಿ ಹೇಳಿಕೊಟ್ಟಿದ್ದೆ. ಅದನ್ನ ಮಾತ್ರ ಸರಿಯಾಗಿ ಹೇಳ್ತಾನೆ!

ಒಂದು ಕೇಳ್ಬೇಕು. ನಾನು "ಚಪಾತಿ ಬೇಕೇನೋ" ಅಂದ್ರೆ "ಬಲೇ" ಅಂತಾನೆ. ನನ್ನ ಚಪಾತಿನ ಹೊಗಳ್ತಿದಾನೆ ಅಂತ ಇಷ್ಟು ದಿನ ಖುಷಿಯಾಗಿದ್ದೆ.

ಭಾಷೆ ಹುಚ್ಚ
ಬಲೇ ಅಂದ್ರೆ "ಹೌದು". ಕ್ಷಮಿಸಿ ಅಜ್ಜಿ.

ಒಂದೇ ಸಾಲು
ಚಪಾತಿಯ ಮಾನ ಹೋಯ್ತು.

ಹುಬ್ಬಳ್ಳಿ ಮಂದಿ
ನಮ್ಮ ಸಾಲ್ಯಾಗ ಹೆಸರ ಕರದ್ರ "ಹಾಜರ್ ರೀ" ಅಂತಿದ್ವಿ. ಕಾಬೂಲಿನಾಗೂ ಹಂಗ ಅಂತಾರೇನು?

ಭಾಷೆ ಹುಚ್ಚ
ಅಂತಾರೆ. "ಹಾಜೇರ್ ಸಾಹೇಬ್". ಮೂಲ ಅರಬ್ಬಿ ಪದ, ಪಾರ್ಸಿ ಮೂಲಕ ನಮಗೂ ಬಂದದ್ದು.

ಅಜ್ಜೀ, ಲೆಕ್ಕ ಬರಲ್ಲ ಅಂದ್ರಲ್ಲ, ಅದು ನನ್ನ ತಲೇಲಿ ಕೊರೀತಿದೆ. ಅವನ ಲೆಕ್ಕದ ಪುಸ್ತಕ ಒಂದ್ಸಲ ನೋಡ್ತೀರಾ? ಅವರ ಅಂಕಿಗಳು ಬೇರೆ. ಸೊನ್ನೆ ಅಂದ್ರೆ ಬರೀ ಚುಕ್ಕಿ. ಐದು, ಮಗುಚಿ ಹಾಕಿದ ಹೃದಯದ ಥರ ಇರುತ್ತೆ, ದೂರದಿಂದ ಸೊನ್ನೆ ಅನ್ನಿಸ್ಬೇಕು. ಏಳು ಇಂಗ್ಲಿಷಿನ ವಿ ಆಕಾರ, ಎಂಟು ತಲೆಕೆಳಗಾದ ವಿ. ಅಕ್ಷರ ಬಲದಿಂದ ಎಡಕ್ಕೆ ಬರೆದ್ರೂ ಸಂಖ್ಯೆಗಳನ್ನ ನಮ್ಮ ಹಾಗೆ ಎಡದಿಂದ ಬಲಕ್ಕೇ ಬರೀತಾರೆ.

ನೇರ ಮಾತು
ಎಂಟು ತಿಂಗಳಾಯ್ತು ಬಂದು. ಅಂಕಿನೂ ಕಲಿತಿಲ್ಲ ಅಂತೀರಾ? ನೆಪ ಹುಡುಕ್ತಿದೀರ.

ಕೆಳಮನೆ ಅಜ್ಜಿ
ಮೇಲಕ್ಕೆ ಹೋಗಿ ಪುಸ್ತಕ ಇಸ್ಕೊಂಡು ಬಂದೆ. ಮುಂದೆ ಇಟ್ಕೊಂಡೇ ಬರೀತಿದೀನಿ.

ಬೋರ್ಡಿಂದ ಕಾಪಿ ಮಾಡಿದ ಪುಟಗಳಲ್ಲಿ ಅಂಕಿ ಎಲ್ಲ ನಮ್ಮ ಥರವೇ ಇದೆ, ಮುದ್ದಾಗಿದೆ. ಹಿಂದಿನ ಪುಟಗಳಲ್ಲಿ ಬಾಯಿಲೆಕ್ಕದ ಟೆಸ್ಟು. ಇಪ್ಪತ್ತು ಲೆಕ್ಕ, ಬರೀ ಉತ್ತರ ಬರಿಯೋದು. ಉದ್ದಕ್ಕೂ ಕೆಂಪು ಇಂಟು. ಒಂದು ಉತ್ತರ ಗೀಟು, ಪಕ್ಕದಲ್ಲಿ ಹೃದಯ. ಇನ್ನೊಂದು ಗೀಟು, ಪಕ್ಕದಲ್ಲೊಂದು ಚುಕ್ಕಿ, ಚುಕ್ಕಿನ ಪೆನ್ಸಿಲಲ್ಲಿ ಒತ್ತಿ ಒತ್ತಿ ಇಟ್ಟಿದಾನೆ. ಮಿಸ್ಸು ಅದರ ಪಕ್ಕ "ಪೂರ್ತಿ ಬರೆ" ಅಂತ ಬರೆದಿದಾರೆ. ಪ್ರಶ್ನೆ ಬರೆದಿಲ್ಲವಲ್ಲ, ಅದಕ್ಕೆ ಪಕ್ಕದ ಮನೆಯ ಹುಡುಗಿ ಅದೇ ಕ್ಲಾಸು, ಅವಳ ಪುಸ್ತಕದ ಜೊತೆ ಒಂದೊಂದಾಗಿ ತಾಳೆ ನೋಡಿದೆ. ಬ್ಯಾಂಕಿನ ಚಾಳಿ.

ಇಪ್ಪತ್ತಕ್ಕೆ ಹದಿನೇಳು ಸರಿ ಇದೆ. ಪಕ್ಕದ ಹುಡುಗಿದು ಹದಿನಾಲ್ಕು.

@ನೇರ ಮಾತು, ಅವನಿಗೆ ಅಂಕಿ ಬರುತ್ತಪ್ಪ. ಟೀಚರ್ ಬಾಯಲ್ಲಿ ಹೇಳಿ, ಬೇಗ ಬೇಗ ಅಂದಾಗ ಕೈ ಹಳೇದನ್ನೇ ಬರೆದಿದೆ.

ಸರ್ಕಾರಿ ಮೇಷ್ಟ್ರು
ಆ ಪುಟದ ಫೋಟೊ ತೆಗೆದು ಇಟ್ಕೊಳ್ಳಿ. ನಾಳೆ ಅಪ್ಪನ ಜೊತೆ ನೀವೂ ಹೋಗಿ. ಜಗಳ ಬೇಡ, ಆ ಟೀಚರಮ್ಮಂಗೆ ಯಾರೂ ಹೇಳಿರಲ್ಲ. ನನಗೇ ಇವತ್ತು ಗೊತ್ತಾಯ್ತು, ಮೂವತ್ತು ವರ್ಷ ಪಾಠ ಮಾಡಿ.

ಹಳೇ ಬೆಂಗಳೂರು
ನಮ್ಮ ತಾತ ಹುಟ್ಟಿದ್ದು ಬೆಳೆದಿದ್ದು ಕನ್ನಡದಲ್ಲಿ, ಅಂಗಡಿ ಇಟ್ಟಿದ್ದು ಚಿಕ್ಕಪೇಟೆಯಲ್ಲಿ. ನೋಟು ಎಣಿಸೋಕೆ ಕೂತ್ರೆ ಮಾತ್ರ ಕೊನೆವರೆಗೂ ತೆಲುಗು. ಒಕಟಿ, ರೆಂಡು. ಮಧ್ಯೆ ಯಾರಾದ್ರೂ ಕನ್ನಡದಲ್ಲಿ ಮಾತಾಡಿಸಿದ್ರೆ ಮತ್ತೆ ಮೊದಲಿಂದ ಶುರು.

ಟೆಕ್ ಪಾರ್ಕ್ ಬಸವ
ಎಂಟು ತಿಂಗಳಲ್ಲಿ ಕಾಬೂಲ್ ಹುಡುಗ "ನೀರ್ ಬಂತು" ಅಂತಾನೆ. ನಮ್ಮ ಮ್ಯಾನೇಜರ್ ಹನ್ನೊಂದು ವರ್ಷದಿಂದ "ಕನ್ನಡ ಗೊತ್ತಿಲ್ಲ" ಅನ್ನೋ ಎರಡು ಪದದಲ್ಲೇ ಇದಾರೆ.

ಒಂದೇ ಸಾಲು
ಅವರಿಗೂ ಎರಡು ದಿನಕ್ಕೊಮ್ಮೆ ನೀರು ಬಿಟ್ರೆ ಕಲೀತಾರೆ.

ನಿರ್ವಾಹಕ
ಭಾಷಾ ಜಗಳಕ್ಕೆ ಬೇರೆ ಎಳೆ ಇದೆ, ಅಲ್ಲಿಗೆ ಹೋಗಿ. ಧರ್ಮ ಎಳೆದು ತಂದ ಎರಡು ಪ್ರತಿಕ್ರಿಯೆ ತೆಗೆದಿದೀನಿ.

ನೇರ ಮಾತು
ತೆಗೆದದ್ದು ನಂದಲ್ಲ ಅಂತ ಎಲ್ಲರಿಗೂ ಗೊತ್ತಾಗ್ಲಿ. ನನ್ನ ತಕರಾರು ಸರ್ಕಾರದ ಮೇಲೆ, ಹುಡುಗನ ಮೇಲಲ್ಲ. ಲೆಕ್ಕ ಸರಿ ಇದ್ರೆ ಮಾರ್ಕ್ಸ್ ಕೊಡ್ಲೇಬೇಕು, ಅದರಲ್ಲಿ ಎರಡು ಮಾತಿಲ್ಲ.

ಮೂರು ಮಕ್ಕಳ ತಾಯಿ
ಅಜ್ಜೀ, ಬೀದಿಗೆ ಬಿಡಿ, ಆಡ್ಲಿ. ಒಂದೇ ಎಚ್ಚರಿಕೆ, ಬೀದಿ ಕನ್ನಡದಲ್ಲಿ "ನೀವು" ಇಲ್ಲ. ನಮ್ಮ ಅಪಾರ್ಟ್‌ಮೆಂಟಲ್ಲಿ ಒಂದು ಮಣಿಪುರಿ ಮಗು ಆಟದಲ್ಲೇ ಕನ್ನಡ ಕಲಿತು, ಸ್ಕೂಲ್ ಡೇ ದಿನ ಹೆಡ್‌ಮಾಸ್ಟರಿಗೆ "ಬಾರೋ ಲೋ, ಕೇಕ್ ಕಟ್ ಮಾಡು" ಅಂದಿತ್ತು.

ಬೈಲಕುಪ್ಪೆಯವಳು
ನನ್ನ ಕಥೆಯೂ ಅದೇ, ಬ್ಯಾಂಕ್ ಮ್ಯಾನೇಜರ್ ಮುಂದೆ. ವಿವರ ಬೇಡ.

ಅಜ್ಜೀ, ಒಂದು ಮಾತು ಅವರಮ್ಮಂಗೂ ಹೇಳಿ. ದರಿ ಓದೋದು ಬರಿಯೋದು ಬಿಡಿಸ್ಬೇಡಿ. ಕನ್ನಡ, ಇಂಗ್ಲಿಷ್ ಬಂದ ಮೇಲೆ ಮಕ್ಕಳೇ ಮನೆ ಭಾಷೆನ ನಾಚಿಕೆಯಿಂದ ಕಮ್ಮಿ ಮಾಡ್ತವೆ. ನಾನೂ ಮಾಡಿದ್ದೆ. ನಮ್ಮಜ್ಜ ಹೇಳ್ತಿದ್ದ ಕಥೆಗಳಲ್ಲಿ ಅರ್ಧ ನನಗೆ ಅರ್ಥವಾಗ್ತಿರಲಿಲ್ಲ, ಅರ್ಥವಾಗೋ ವಯಸ್ಸು ಬಂದಾಗ ಅವರಿರಲಿಲ್ಲ.

ಕೆಳಮನೆ ಅಜ್ಜಿ
ಹೇಳ್ತೀನಮ್ಮ. ಅವಳೂ ಪಾಪ, ಇಡೀ ದಿನ ಒಬ್ಬಳೇ. ಮಾರ್ಚಲ್ಲಿ ಅವರ ನವ್ರೋಜ್ ಹಬ್ಬಕ್ಕೆ ಬಾದಾಮಿ, ದ್ರಾಕ್ಷಿ, ಪಿಸ್ತಾ ಅಂತ ಏಳು ಥರ ನೆನೆಸಿ ಒಂದು ಬಟ್ಟಲು ಕೊಟ್ಟಿದ್ಲು. ಖಾಲಿ ಬಟ್ಟಲು ವಾಪಸ್ ಕೊಡಬಾರದು ಅಂತ ನಾನು ಯುಗಾದಿಗೆ ಬೇವು ಬೆಲ್ಲ ಹಾಕಿ ಕಳಿಸಿದೆ. ಬೆಲ್ಲ ನಂಬಿ ಬಾಯಿಗೆ ಹಾಕ್ಕೊಂಡ ಹುಡುಗನ ಮುಖ ನೋಡ್ಬೇಕಿತ್ತು.

ಕೆಳಮನೆ ಅಜ್ಜಿ (ನಾಲ್ಕು ದಿನದ ನಂತರ)
ಹೋಗಿ ಬಂದ್ವಿ. ಮಿಸ್ಸು ಚಿಕ್ಕ ಹುಡುಗಿ, ಪುಸ್ತಕ ನೋಡಿ ಕಣ್ಣಲ್ಲಿ ನೀರು ತುಂಬ್ಕೊಂಡ್ಲು. ಅಲ್ಲೇ ಅವನ ಕೈಲಿ ಸೊನ್ನೆಯಿಂದ ಒಂಬತ್ತರವರೆಗೆ ಅವನ ಅಂಕಿ ಬರೆಸಿ, ಕೆಳಗೆ ನಮ್ಮದು ಬರೆದು, ತನ್ನ ಮೇಜಿನ ಗಾಜಿನ ಕೆಳಗೆ ಇಟ್ಕೊಂಡಿದಾಳೆ. ಹೆಡ್‌ಮಿಸ್ಸು ಅಷ್ಟು ಸಲೀಸಿಲ್ಲ. ಯುಕೆಜಿ ಮಾತು ಬಿಟ್ರು, ಆದರೆ ಮೂರನೇ ಕ್ಲಾಸಿಗೂ ಒಪ್ಪಲಿಲ್ಲ. ಎರಡರಲ್ಲೇ ಇರ್ಲಿ, ದಸರಾ ರಜೆ ಆದ ಮೇಲೆ ನೋಡೋಣ ಅಂತ. ಆಧಾರ್ ಇಲ್ಲ, ಕಂಪ್ಯೂಟರಲ್ಲಿ ಹೆಸರು ಸೇರಿಸೋಕೆ ಆಗ್ತಿಲ್ಲ ಅಂತ ಬೇರೆ ರಾಗ. ಮೇಷ್ಟ್ರೇ, ಬಿಇಒ ಅರ್ಜಿ ಬರೆದಿದೀನಿ, ಒಂದ್ಸಲ ಕಣ್ಣಾಡಿಸ್ತೀರಾ? ಖಾಸಗಿಯಾಗಿ ಕಳಿಸ್ತೀನಿ.

ಸ್ಕೂಲಲ್ಲಿ ಇನ್ನೂ ಮಾತಾಡಿಲ್ಲ.

ಸರ್ಕಾರಿ ಮೇಷ್ಟ್ರು
ಕಳಿಸಿ ಅಮ್ಮ. ದಸರಾವರೆಗೆ ಕಾಯ್ಬೇಡಿ, ಅರ್ಜಿ ಈಗಲೇ ಹೋಗ್ಲಿ.

ಒಂದೇ ಸಾಲು
ಮನೇಲಿ ಹೊಸ ಪದ ಏನಾದ್ರೂ?

ಕೆಳಮನೆ ಅಜ್ಜಿ
ಹೂಂ, ಈಗಷ್ಟೇ. ನಿಮ್ಮ ಜೊತೆ ಹರಟುತ್ತಾ ಮೋಟಾರ್ ಆಫ್ ಮಾಡೋದು ಮರೆತಿದೀನಿ. ತಾರಸಿಯಿಂದ ನೀರು ಸುರೀತಿದೆ, ಇವನು ಮೇಲಿಂದ ಕೂಗ್ತಿದಾನೆ: "ಅಜ್ಜೀ, ಮೋತಾರ್ ಸಾಕು! ನೀರ್ ಜಾಸ್ತಿ ಬಂತು!" ಬಂದೆ ಇರಿ.